ಫ್ಲೂಟೆಡ್ ಗೋಡೆ, ರೀಡೆಡ್ ಬಾಗಿಲು: ಐದು ತಿಂಗಳ ಮನೆ ಕೆಲಸದ ಅನುಭವ

ಹೋದ ಗುರುವಾರ ದೇವರ ಕೋಣೆ ಬಾಗಿಲಿಗೆ ಕೊನೆಯ ಕೈ ಪಾಲಿಶ್ ಆಯಿತು. ಅದರ ವಾಸನೆ ಇನ್ನೂ ಮನೆಯಲ್ಲಿ ಇದೆ. ಜೂನ್ ಮೊದಲ ವಾರ ಶುರು ಮಾಡಿದ ಕೆಲಸ ನವೆಂಬರ್‌ನಲ್ಲಿ ಮುಗಿದಿದೆ. 45 ದಿನ ಅಂದುಕೊಂಡಿದ್ದು ಐದು ತಿಂಗಳು ದಾಟಿತು. ಮಾಡಿಸಿದ್ದು ತುಂಬಾ ಏನಲ್ಲ. ಹಾಲ್‌ನಲ್ಲಿ ಟಿವಿ ಇರುವ ಒಂದು ಗೋಡೆ, ಅಡುಗೆಮನೆಗೆ ಒಂದು ಗಾಜಿನ ಸ್ಲೈಡಿಂಗ್ ಬಾಗಿಲು, ದೇವರ ಕೋಣೆಗೆ ಮರದ ಬಾಗಿಲು. ಮೂರಕ್ಕೂ ಈಗ ಎಲ್ಲರೂ ಹಾಕಿಸುತ್ತಿರುವ ಗೆರೆಗೆರೆ ವಿನ್ಯಾಸ, ಅಂಗಡಿಯವರು ಫ್ಲೂಟೆಡ್ ಅನ್ನುವುದು. ಅಷ್ಟಕ್ಕೇ ಇಷ್ಟೆಲ್ಲ ಓಡಾಡಿದೆವು. ನಮಗೆ ಮೊದಲೇ ಗೊತ್ತಿದ್ದರೆ ಅರ್ಧ ಸಮಯ ಉಳಿಯುತ್ತಿತ್ತು. ಅದಕ್ಕೇ ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ನಮ್ಮದು ಬೆಂಗಳೂರಿನ ಉತ್ತರಹಳ್ಳಿ ಕಡೆ, ಆರನೇ ಮಹಡಿಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್. ಮೂರು ವರ್ಷ ಬಾಡಿಗೆಗೆ ಕೊಟ್ಟಿದ್ದೆವು. ಮೇ ಕೊನೆಗೆ ಬಾಡಿಗೆಯವರು ಖಾಲಿ ಮಾಡಿದರು. ನಾವೇ ಹೋಗಿ ಇರೋಣ, ಗಣೇಶನ ಹಬ್ಬ ನಮ್ಮ ಮನೆಯಲ್ಲೇ ಮಾಡೋಣ ಅಂತ ಆಸೆ.

ಮೊದಲು ಒಂದು ಇಂಟೀರಿಯರ್ ಕಂಪನಿಯನ್ನು ಕೇಳಿದೆವು. ಈ ಮೂರು ಕೆಲಸಕ್ಕೆ 2,35,000 ರೂಪಾಯಿ, ಮೇಲೆ 18% ಜಿಎಸ್‌ಟಿ. ಅಂದರೆ 2,77,300. ಕೊಟೇಶನ್‌ನಲ್ಲಿ ಒಂದೇ ಒಂದು ಸಾಲು: "ಫ್ಲೂಟೆಡ್ ಪ್ಯಾನೆಲ್, ಚದರಡಿಗೆ ಇಷ್ಟು." ಯಾವ ವಸ್ತುವಿನದ್ದು, ಎಷ್ಟು ದಪ್ಪ, ಹಿಂದೆ ಪ್ಲೈವುಡ್ ಕೊಡುತ್ತಾರೋ ಇಲ್ಲವೋ, ಏನೂ ಇಲ್ಲ. ಮೂರು ಸಲ ಕೇಳಿದೆ. ಮೂರು ಸಲವೂ "ಪ್ರೀಮಿಯಂ ಮೆಟೀರಿಯಲ್ ಮೇಡಂ" ಅಂತಲೇ ಉತ್ತರ. ನೀವು ಯಾರ ಹತ್ತಿರ ಮಾಡಿಸಿದರೂ ಸರಿ, ಆ ಒಂದು ಸಾಲನ್ನು ಬಿಡಿಸಿ ಬರೆಸಿಕೊಳ್ಳಿ. ವಸ್ತುವಿನ ಹೆಸರು, ದಪ್ಪ, ಒಂದು ಪ್ಯಾನೆಲ್‌ನ ಅಗಲ, ಹಿಂದಿನ ಆಧಾರ, ಅಂಚಿಗೆ ಏನು ಹಾಕುತ್ತಾರೆ, ಇಷ್ಟು ಇಲ್ಲದೆ ಮುಂಗಡ ಕೊಡಬೇಡಿ.

ನಾವು ಕಂಪನಿ ಬಿಟ್ಟು, ಗೊತ್ತಿದ್ದ ಕಾರ್ಪೆಂಟರ್ ಕಂಟ್ರಾಕ್ಟರ್ ಒಬ್ಬರ ಹತ್ತಿರ ಮಾಡಿಸೋಣ ಅಂತ ತೀರ್ಮಾನ ಮಾಡಿದೆವು. ಸಾಮಾನು ನಾವೇ ತಂದುಕೊಡುವುದು, ಕೂಲಿ ಅವರದ್ದು.

ಜೂನ್ ಮೂರನೇ ವಾರ ಒಂದು ಶನಿವಾರ ಸಿದ್ದಯ್ಯ ರಸ್ತೆಗೆ ಹೋದೆವು. ಬೆಂಗಳೂರಿನಲ್ಲಿ ಪ್ಲೈವುಡ್, ಲ್ಯಾಮಿನೇಟ್, ಗಾಜು, ಹಾರ್ಡ್‌ವೇರ್ ಎಲ್ಲ ಒಂದೇ ಬೀದಿಯಲ್ಲಿ ಸಿಗಬೇಕು ಅಂದರೆ ಅಲ್ಲಿಗೇ ಹೋಗಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಹೋದವರು ಸಂಜೆ ಐದಕ್ಕೆ ಬಂದೆವು. ಮೊದಲ ಗೊಂದಲ ಹೆಸರಿನದ್ದೇ. ನಾನು "ಫ್ಲೂಟೆಡ್ ತೋರಿಸಿ" ಅಂದೆ. ಒಬ್ಬರು ಉಬ್ಬು ಇರುವುದನ್ನು ತೋರಿಸಿದರು, ಇನ್ನೊಬ್ಬರು ತಗ್ಗು ಇರುವುದನ್ನು, ಮತ್ತೊಬ್ಬರು ಚೌಕ ಪಟ್ಟಿಗಳ ಲೂವರ್. ಅಂಗಡಿಯಲ್ಲಿ ಮೂರಕ್ಕೂ ಫ್ಲೂಟೆಡ್ ಅಂತಲೇ ಹೆಸರು.

ನಿಜವಾದ ವ್ಯತ್ಯಾಸ ಸುಲಭ. ಒಳಗೆ ಅರ್ಧಚಂದ್ರದ ಹಾಗೆ ತೋಡಿದ್ದರೆ ಅದು ಫ್ಲೂಟಿಂಗ್. ಹಳೇ ಗ್ರೀಕ್ ಕಂಬಗಳ ಮೇಲೆ ಉದ್ದಕ್ಕೆ ಇಳಿಯುವ ತೋಡುಗಳು ಇವೇ. ಡೋರಿಕ್ ಕಂಬದಲ್ಲಿ ಸಾಮಾನ್ಯವಾಗಿ 20, ಅಯಾನಿಕ್ ಕಂಬದಲ್ಲಿ 24 ಇರುತ್ತವೆ. ಹೊರಗೆ ಉಬ್ಬಿದ್ದರೆ ಅದು ರೀಡಿಂಗ್. ರೀಡ್ ಅಂದರೆ ಜೊಂಡು. ಜೊಂಡಿನ ಕಡ್ಡಿಗಳನ್ನು ಒತ್ತೊತ್ತಾಗಿ ಜೋಡಿಸಿ ನಿಲ್ಲಿಸಿದ ಹಾಗೆ ಕಾಣುತ್ತದೆ. ಫೋನಿನಲ್ಲಿ ಇದನ್ನು ಹೇಳಿದ್ದಕ್ಕೆ ಸಾಗರದಲ್ಲಿರುವ ನಮ್ಮ ಅಪ್ಪಯ್ಯ "ಅಡಿಕೆ ದಬ್ಬೆ ತಟ್ಟಿ ಇದ್ದ ಹಾಗೆ ಅಲ್ವಾ?" ಅಂದರು. ಹೌದು, ಅದೇ. ಅಡಿಕೆ ಮರವನ್ನು ಸೀಳಿ, ಗುಂಡಗಿರುವ ಬೆನ್ನು ಹೊರಗೆ ಮಾಡಿ ಒಂದರ ಪಕ್ಕ ಒಂದು ಕಟ್ಟಿದರೆ ರೀಡೆಡ್ ಗೋಡೆಯೇ ಆಯಿತು. ನಮ್ಮ ಹಳೇ ಕೊಟ್ಟಿಗೆಯ ಪಕ್ಕದ ಗೋಡೆ ಹಾಗೇ ಇತ್ತು. ಬೆಳಿಗ್ಗೆ ಅದರ ಮೇಲೆ ಬಿಸಿಲು ಬಿದ್ದಾಗ ಕಾಣುವ ನೆರಳಿನ ಸಾಲು ನನಗೆ ಇನ್ನೂ ಚೆನ್ನಾಗಿ ನೆನಪಿದೆ. ಬಹುಶಃ ಅದಕ್ಕೇ ಈ ವಿನ್ಯಾಸ ನನಗೆ ಇಷ್ಟು ಹಿಡಿಸಿದ್ದು.

ಅಂಗಡಿಯಲ್ಲಿ ಹೆಸರು ಹೇಳುವುದಕ್ಕಿಂತ "ಉಬ್ಬು ಬೇಕು" ಅಥವಾ "ತಗ್ಗು ಬೇಕು" ಅಂತ ಹೇಳಿ. ಬಿಲ್ಲಿನಲ್ಲೂ ಡಿಸೈನ್ ನಂಬರ್ ಬರೆಸಿಕೊಳ್ಳಿ.

ವಸ್ತುಗಳ ವಿಷಯಕ್ಕೆ ಬಂದರೆ, ನಾವು ನೋಡಿದ್ದು ನಾಲ್ಕು ಬಗೆ. ಚಾರ್ಕೋಲ್ ಪ್ಯಾನೆಲ್ ಅಂತ ಮಾರುವುದು ಬಹಳ ಹಗುರ. ಒಂದು ಕೈಯಲ್ಲಿ ಎತ್ತಬಹುದು, ನೀರಿಗೆ ಉಬ್ಬುವುದಿಲ್ಲ, ಅಂಟಿಸುವುದೂ ಬೇಗ. ಆದರೆ ಅದರಲ್ಲಿ ಮುಖ್ಯವಾಗಿ ಇರುವುದು ಪಾಲಿಸ್ಟೈರೀನ್, ಅಂದರೆ ಪ್ಲಾಸ್ಟಿಕ್. ಉಗುರಿನಿಂದ ಒತ್ತಿದರೆ ಗುರುತು ಬಿತ್ತು. ಒಲೆ, ದೀಪ ಇರುವ ಕಡೆ ಅದನ್ನು ಹಾಕಲೇಬಾರದು. ಎರಡನೆಯದು ಡಬ್ಲ್ಯೂಪಿಸಿ, ಮರದ ಪುಡಿ ಮತ್ತು ಪ್ಲಾಸ್ಟಿಕ್ ಸೇರಿಸಿ ಮಾಡಿದ್ದು. ಸ್ವಲ್ಪ ಗಟ್ಟಿ. ಒಂದು ಪ್ಯಾನೆಲ್ಲಿನ ಅಂಚಿನ ನಾಲಿಗೆ ಇನ್ನೊಂದರೊಳಗೆ ಸಿಕ್ಕಿಕೊಳ್ಳುತ್ತದೆ. ಮೂರನೆಯದು ಎಂಡಿಎಫ್, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆಯ ಮೇಲೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದಲ್ಲಿ ಗೆರೆ ಕೊರೆಸಿ ಪೇಂಟ್ ಮಾಡಿಸುವುದು. ನಮಗೆ ಬೇಕಾದ ಅಳತೆಯಲ್ಲಿ ಕೊರೆಸಬಹುದು, ಜಾಯಿಂಟ್ ಕಡಿಮೆ. ಆದರೆ ಕೊರೆದ ಜಾಗ ಹೊಸ ಚಪಾತಿ ಎಣ್ಣೆ ಹೀರಿದ ಹಾಗೆ ಪ್ರೈಮರ್ ಹೀರುತ್ತದೆ. ಎರಡು ಮೂರು ಕೈ ಹೊಡೆದು, ಉಜ್ಜಿ, ಆಮೇಲೆ ಪೇಂಟ್. ನಾಲ್ಕನೆಯದು ನಿಜವಾದ ಮರ. ಬೆಲೆ ಕೇಳಿ ಗೋಡೆಗೆ ಬೇಡ, ಬಾಗಿಲಿಗೆ ಮಾತ್ರ ಇರಲಿ ಅಂದುಕೊಂಡೆವು.

ನನಗೆ ಮನಸ್ಸಿನಲ್ಲಿ ಇದ್ದದ್ದು ಎಂಡಿಎಫ್. ಒಂದು ಅಂಗಡಿಯ ಹಿರಿಯರು ಬಹಳ ತಾಳ್ಮೆಯಿಂದ ಮಾತಾಡಿದರು. "ಮೇಡಂ, ಇವತ್ತು ಏನೂ ತೊಗೋಬೇಡಿ. ಎರಡರದ್ದೂ ಒಂದೊಂದು ಅಡಿ ತುಂಡು ಕೊಡ್ತೀನಿ. ಮನೇಲಿ ಗೋಡೆಗೆ ಒರಗಿಸಿ ಒಂದು ವಾರ ನೋಡಿ" ಅಂದರು. ಎಂಡಿಎಫ್ ಒಂದು, ಡಬ್ಲ್ಯೂಪಿಸಿ ಒಂದು. ದುಡ್ಡೂ ತೊಗೊಳ್ಳಲಿಲ್ಲ. ಈ ಐದು ತಿಂಗಳಲ್ಲಿ ನಮಗೆ ಸಿಕ್ಕ ಅತಿ ದೊಡ್ಡ ಸಹಾಯ ಅದೇ.

ಯಾಕೆ ಅಂತ ಹೇಳುತ್ತೇನೆ. ಟಿವಿ ಗೋಡೆ ಅಂತ ನಾವು ಗುರುತು ಮಾಡಿದ್ದು ಬಾಲ್ಕನಿಯ ಎದುರಿನ ಗೋಡೆ. ಅಲ್ಲಿ ತುಂಡು ಇಟ್ಟು ನೋಡಿದರೆ ಏನೂ ಕಾಣಿಸಲಿಲ್ಲ. ಅಂಗಡಿಯಲ್ಲಿ ಅಷ್ಟು ಚಂದ ಇದ್ದ ಗೆರೆಗಳು ಮನೆಯಲ್ಲಿ ಸಪಾಟು ಹಲಗೆಯ ಹಾಗೆ ಕಂಡವು. ಬಣ್ಣ ತಪ್ಪಾಯಿತಾ ಅಂದುಕೊಂಡೆ. ಬೇಜಾರಾಗಿ ಆ ತುಂಡನ್ನು ಎತ್ತಿ ಬಾಲ್ಕನಿಯ ಪಕ್ಕದ ಗೋಡೆಗೆ ಒರಗಿಸಿ ಕಾಫಿ ಮಾಡಲು ಹೋದೆ. ವಾಪಸ್ ಬಂದು ನೋಡಿದರೆ ಅದೇ ತುಂಡಿಗೆ ಜೀವ ಬಂದಿತ್ತು. ಒಂದೊಂದು ಉಬ್ಬಿನ ಒಂದು ಪಕ್ಕ ಬೆಳಕು, ಇನ್ನೊಂದು ಪಕ್ಕ ನೆರಳು. ಬೆಳಕು ಎದುರಿನಿಂದ ಬಂದರೆ ತಗ್ಗಿನೊಳಗೂ ಬೆಳಕೇ ತುಂಬುತ್ತದೆ, ನೆರಳೇ ಬೀಳುವುದಿಲ್ಲ. ಪಕ್ಕದಿಂದ ಗೋಡೆಯನ್ನು ಸವರಿಕೊಂಡು ಬಂದರೆ ಮಾತ್ರ ಗೆರೆ ಕಾಣುತ್ತದೆ. ನಾವು ದುಡ್ಡು ಕೊಡುವುದು ಹಲಗೆಗೆ ಅಂದುಕೊಂಡಿರುತ್ತೇವೆ. ನಿಜವಾಗಿ ಕೊಡುವುದು ಆ ನೆರಳಿಗೆ. ನಿಮ್ಮ ಗೋಡೆಯಲ್ಲಿ ಆ ನೆರಳು ಬೀಳುತ್ತದೋ ಇಲ್ಲವೋ ಅಂತ ತುಂಡು ಇಟ್ಟು ನೋಡದೆ ಆರ್ಡರ್ ಕೊಡಬೇಡಿ. ಬೆಳಿಗ್ಗೆ ಒಂದು ಸಲ, ಸಂಜೆ ನಾಲ್ಕಕ್ಕೆ ಒಂದು ಸಲ, ರಾತ್ರಿ ಲೈಟ್ ಹಾಕಿ ಒಂದು ಸಲ ನೋಡಿ.

ಟಿವಿ ಗೋಡೆಯನ್ನೇ ಬದಲಾಯಿಸಿದೆವು. ಬಾಲ್ಕನಿ ಪಕ್ಕದ ಗೋಡೆ ಅಂತಾಯಿತು. ಕೇಬಲ್, ಪ್ಲಗ್ ಪಾಯಿಂಟ್ ಎಲ್ಲ ಎದುರು ಗೋಡೆಯಲ್ಲಿ ಇದ್ದವು, ಅವನ್ನು ಸರಿಸಬೇಕಾಯಿತು. ಆದರೂ ಪರವಾಗಿಲ್ಲ ಅನ್ನಿಸಿತು.

ಅಷ್ಟರಲ್ಲಿ ಅಪಾರ್ಟ್‌ಮೆಂಟ್ ಸಂಘದ ಅನುಮತಿ. ಅರ್ಜಿ, ಮಾಡಿಸುವ ಕೆಲಸದ ಪಟ್ಟಿ, ಗೋಡೆ ಒಡೆಯುವುದಿಲ್ಲ ಅಂತ ಬರೆದುಕೊಟ್ಟ ಪತ್ರ, ಪ್ರತಿ ಕೆಲಸಗಾರರ ಆಧಾರ್ ಪ್ರತಿ ಮತ್ತು ಎರಡು ಫೋಟೋ, 20,000 ರೂಪಾಯಿ ಠೇವಣಿ. ಕೆಲಸದ ಸಮಯ ಬೆಳಿಗ್ಗೆ 9:30ರಿಂದ ಸಂಜೆ 6. ಭಾನುವಾರ ಇಲ್ಲ. ಕಾರ್ಪೆಂಟರ್ ಹುಡುಗರಲ್ಲಿ ಒಬ್ಬನ ಹತ್ತಿರ ಫೋಟೋ ಇರಲಿಲ್ಲ, ಅದಕ್ಕೇ ಎರಡು ದಿನ ಹೋಯಿತು. ನಿಮ್ಮಲ್ಲಿಯೂ ಇದೇ ಪದ್ಧತಿ ಇದ್ದರೆ ಈ ಕಾಗದ ಎಲ್ಲ ಸಾಮಾನು ತರುವ ಮೊದಲೇ ಮುಗಿಸಿ.

ಜುಲೈ ಮಧ್ಯದಲ್ಲಿ ಒಂದು ದಿನ ಮನೆ ಗುಡಿಸುತ್ತಾ ಆ ತುಂಡುಗಳನ್ನು ಎತ್ತಿದೆ. ಎಂಡಿಎಫ್ ತುಂಡಿನ ಕೆಳಗಿನ ಅಂಚು ಬ್ರೆಡ್ಡಿನ ಹಾಗೆ ಉಬ್ಬಿತ್ತು. ಪೇಂಟ್ ಬಿರಿದು, ಒಳಗಿನ ಪುಡಿ ಕೈಗೆ ಬಂತು. ಪಕ್ಕದಲ್ಲೇ ಇದ್ದ ಡಬ್ಲ್ಯೂಪಿಸಿ ತುಂಡಿಗೆ ಏನೂ ಆಗಿರಲಿಲ್ಲ. ಗೋಡೆ ಮುಟ್ಟಿ ನೋಡಿದರೆ ತಣ್ಣಗೆ, ತೇವ. ಬಣ್ಣದ ಮೇಲೆ ಏನೂ ಗೊತ್ತಾಗುತ್ತಿರಲಿಲ್ಲ. ಆ ಗೋಡೆಯ ಆ ಕಡೆ ಬಾತ್‌ರೂಮ್. ಒಳಗಿನ ಪೈಪಿನ ಜಾಯಿಂಟ್ ಜಿನುಗುತ್ತಿತ್ತು. ಅಲ್ಲೇ ನಿಂತು ಅಳುವ ಹಾಗಾಯಿತು. ಆಮೇಲೆ ಅನ್ನಿಸಿತು, ಇದು ಗೋಡೆ ಪೂರ್ತಿ ಎಂಡಿಎಫ್ ಹಾಕಿದ ಮೇಲೆ ಗೊತ್ತಾಗಿದ್ದರೆ?

ಇಲ್ಲಿ ಒಂದು ಮುಖ್ಯ ವಿಷಯ. ಫ್ಲ್ಯಾಟ್ ಸ್ವಾಧೀನ ಸಿಕ್ಕಿ ಐದು ವರ್ಷ ಆಗಿಲ್ಲ ಅಂದರೆ ಇಂಥ ರಿಪೇರಿಗೆ ನೀವೇ ಖರ್ಚು ಮಾಡಬೇಕಿಲ್ಲ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14(3)ನೇ ಸೆಕ್ಷನ್ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ಅಥವಾ ಕೆಲಸದ ಗುಣಮಟ್ಟದಲ್ಲಿ ದೋಷ ಕಂಡು ತಿಳಿಸಿದರೆ, ಬಿಲ್ಡರ್ 30 ದಿನದೊಳಗೆ ತನ್ನ ಖರ್ಚಿನಲ್ಲಿ ಸರಿಪಡಿಸಿಕೊಡಬೇಕು. ನಾವು ಸ್ವಾಧೀನ ಪತ್ರದ ಪ್ರತಿ, ಗೋಡೆಯ ಫೋಟೋ, ತೇವದ ವಿಡಿಯೋ, ಸಂಘದ ಒಂದು ಪತ್ರ ಸೇರಿಸಿ ಇಮೇಲ್ ಮಾಡಿದೆವು. ಫೋನಿನಲ್ಲಿ ಹೇಳಿದಾಗ "ನೋಡ್ತೀವಿ" ಅಂದಿದ್ದವರು ಸೆಕ್ಷನ್ ನಂಬರ್ ಬರೆದ ಇಮೇಲ್ ಹೋದ ಮೇಲೆ 19ನೇ ದಿನ ಪ್ಲಂಬರ್ ಕಳಿಸಿದರು. ಬಾತ್‌ರೂಮಿನ ನಾಲ್ಕು ಟೈಲ್ಸ್ ಒಡೆದು, ಪೈಪು ಬದಲಾಯಿಸಿ, ಮತ್ತೆ ಮುಚ್ಚಿದರು. ಖರ್ಚು ಅವರದ್ದೇ.

ಪೈಪು ಸರಿಯಾಯಿತು, ಗೋಡೆ ಒಣಗಬೇಕಲ್ಲ? ಮಳೆಗಾಲ ಬೇರೆ. ಮೂರು ವಾರ ಫ್ಯಾನ್ ಹಾಕಿ, ಕಿಟಕಿ ತೆಗೆದು ಕಾದೆವು. ಕಂಟ್ರಾಕ್ಟರ್ "ಮೇಲೆ ಪ್ಯಾನೆಲ್ ಬರುತ್ತೆ ಮೇಡಂ, ಏನೂ ಆಗಲ್ಲ" ಅಂದರು. ನಾನು ಒಪ್ಪಲಿಲ್ಲ. ಹಸಿ ಗೋಡೆಯ ಮೇಲೆ ಏನು ಹಾಕಿದರೂ ಹಿಂದೆ ಬೂಸ್ಟು ಬರುತ್ತದೆ. ಗಣೇಶನ ಹಬ್ಬ ನಾವಿದ್ದ ಬಾಡಿಗೆ ಮನೆಯಲ್ಲೇ ಆಯಿತು. ಆ ದಿನ ಮನಸ್ಸಿಗೆ ತುಂಬಾ ನೋವಾಗಿತ್ತು. ತೋರಣಕ್ಕೆ ಅಂತ ತಂದಿದ್ದ ಮಾವಿನೆಲೆಯನ್ನು ಹೊಸ ಮನೆ ಬಾಗಿಲಿಗೂ ಒಂದು ಎಳೆ ಕಟ್ಟಿ ಬಂದೆ.

ಎಂಡಿಎಫ್ ಆಸೆ ಬಿಟ್ಟು ಡಬ್ಲ್ಯೂಪಿಸಿ ಆರ್ಡರ್ ಕೊಟ್ಟೆವು. ಈಗ ಲೆಕ್ಕದ ಮಾತು, ಇದನ್ನು ದಯವಿಟ್ಟು ಗಮನ ಇಟ್ಟು ಓದಿ. ನಮ್ಮ ಗೋಡೆ 10 ಅಡಿ 4 ಇಂಚು, ಅಂದರೆ 3150 ಮಿ.ಮೀ. ಪ್ಯಾನೆಲ್ ಒಂದಕ್ಕೊಂದು ಸಿಕ್ಕಿಸಿದ ಮೇಲೆ ಕಾಣುವ ಅಗಲ 160 ಮಿ.ಮೀ. ಪ್ಯಾಕಿನ ಮೇಲೆ ಬರೆದಿರುವುದು ನಾಲಿಗೆಯೂ ಸೇರಿದ ಅಗಲ, ಅದನ್ನು ನಂಬಬೇಡಿ. ಎರಡು ತುಂಡು ಸಿಕ್ಕಿಸಿ ಟೇಪು ಹಿಡಿದು ಅಳೆಯಿರಿ. 19 ಪ್ಯಾನೆಲ್ ಹಾಕಿದರೆ 3040 ಆಗುತ್ತದೆ, 110 ಮಿ.ಮೀ. ಉಳಿಯುತ್ತದೆ. ಸುಮ್ನೆ ಒಂದು ಕಡೆಯಿಂದ ಶುರು ಮಾಡಿ ಹೋದರೆ ಕೊನೆಯ ಪ್ಯಾನೆಲ್ ಉಬ್ಬಿನ ನಡುವೆಯೇ ಕತ್ತರಿಸಬೇಕು. ಅದು ಜೀವನಪೂರ್ತಿ ಕಣ್ಣಿಗೆ ಚುಚ್ಚುತ್ತದೆ. ನಾವು ಎರಡೂ ಅಂಚಿಗೆ 55 ಮಿ.ಮೀ. ಸಪಾಟು ಪಟ್ಟಿ ಕೊಟ್ಟು ನಡುವೆ 19 ಪೂರ್ತಿ ಪ್ಯಾನೆಲ್ ಕೂರಿಸಿದೆವು. ಚೌಕಟ್ಟು ಹಾಕಿದ ಹಾಗೆ ಕಾಣುತ್ತದೆ.

ಸ್ವಿಚ್‌ಬೋರ್ಡ್ ಇನ್ನೊಂದು ತಲೆನೋವು. ಗೆರೆಗಳ ಮೇಲೆ ಪ್ಲೇಟ್ ಕೂರಿಸಿದರೆ ತಗ್ಗಿನಲ್ಲಿ ಸಂದಿ ಉಳಿಯುತ್ತದೆ. ಅದರೊಳಗೆ ಧೂಳು, ಇರುವೆ. ಬೋರ್ಡ್ ಬರುವ ಕಡೆ ಮೊದಲೇ ಸಪಾಟು ಹಲಗೆ ಕೊಡಿಸಿ ಅಥವಾ ಟಿವಿಯ ಹಿಂದೆ ಮುಚ್ಚಿಹೋಗುವ ಹಾಗೆ ಪಾಯಿಂಟ್ ಇಡಿಸಿ. ಟಿವಿಯ ಭಾರವನ್ನು ಪ್ಯಾನೆಲ್ ಮೇಲೆ ಬಿಡಲೇಬೇಡಿ. ಹಿಂದೆ ಪ್ಲೈವುಡ್ ಇರಲಿ, ಬ್ರ್ಯಾಕೆಟ್ಟಿನ ಸ್ಕ್ರೂ ಗೋಡೆಯನ್ನೇ ಹಿಡಿಯಬೇಕು.

ಸೆಪ್ಟೆಂಬರ್ ಮೊದಲ ವಾರ ಪ್ಯಾನೆಲ್ ಬಂದವು. ಒಂದೊಂದೂ 2900 ಮಿ.ಮೀ. ಉದ್ದ, ಸುಮಾರು ಒಂಬತ್ತೂವರೆ ಅಡಿ. ಲಿಫ್ಟಿನಲ್ಲಿ ಓರೆಯಾಗಿ ಇಟ್ಟರೂ ಹಿಡಿಸಲಿಲ್ಲ. ಆರು ಮಹಡಿ ಮೆಟ್ಟಿಲು ಹತ್ತಿಸಬೇಕಾಯಿತು, ಅದಕ್ಕೆ ಬೇರೆ 2,500 ರೂಪಾಯಿ. ಮೆಟ್ಟಿಲಿನ ತಿರುವಿನಲ್ಲಿ ಎರಡು ಪ್ಯಾನೆಲ್ ಗೋಡೆಗೆ ತಾಗಿ ಮೂಲೆ ಮುರಿಯಿತು. ನಾವು ಸರಿಯಾಗಿ 19 ಮಾತ್ರ ತರಿಸಿದ್ದೆವು. ಇನ್ನೆರಡು ತರಿಸೋಣ ಅಂದರೆ ಅಂಗಡಿಯಲ್ಲಿದ್ದದ್ದು ಬೇರೆ ಬ್ಯಾಚ್. ಪಕ್ಕದಲ್ಲಿ ಹಿಡಿದರೆ ಬಣ್ಣದ ವ್ಯತ್ಯಾಸ ಎದ್ದು ಕಾಣುತ್ತಿತ್ತು, ಒಂದು ಹಾಲು ಜಾಸ್ತಿ ಹಾಕಿದ ಕಾಫಿ, ಇನ್ನೊಂದು ಡಿಕಾಕ್ಷನ್ ಜಾಸ್ತಿ. ಅದೇ ಬ್ಯಾಚಿನ ಎರಡು ಪ್ಯಾನೆಲ್ ಯಾವುದೋ ಗೋಡೌನ್‌ನಿಂದ ಹುಡುಕಿ ತರಿಸಲು 24 ದಿನ ಬೇಕಾಯಿತು. ನೂರಕ್ಕೆ ಹತ್ತರಷ್ಟು ಜಾಸ್ತಿ ತರಿಸಿಕೊಳ್ಳಿ. ಲಿಫ್ಟಿನ ಅಳತೆ ಮೊದಲೇ ತೊಗೊಳ್ಳಿ. ನಮ್ಮ ಗೋಡೆಗೆ ಬೇಕಿದ್ದದ್ದು 2700 ಮಾತ್ರ. ಕೆಳಗೇ ಕತ್ತರಿಸಿ ಮೇಲೆ ತಂದಿದ್ದರೆ ತಿರುವಿನಲ್ಲಾದರೂ ಸುಲಭ ಆಗುತ್ತಿತ್ತು.

ಈ ಕಾಯುವ ದಿನಗಳಲ್ಲೇ ಗಾಜಿನ ಬಾಗಿಲು ಮಾಡಿಸೋಣ ಅಂದುಕೊಂಡೆವು. ಅಡುಗೆಮನೆಗೂ ಹಾಲ್‌ಗೂ ನಡುವೆ ಎರಡು ಪಲ್ಲೆಯ (ಕದದ) ಸ್ಲೈಡಿಂಗ್, ಒಂದೊಂದು ಪಲ್ಲೆಯ ಗಾಜು 900ಕ್ಕೆ 2100 ಮಿ.ಮೀ. ಗೆರೆ ಗಾಜಿನ ಗುಣ ಏನೆಂದರೆ, ಬೆಳಕು ಬಿಡುತ್ತದೆ, ಆದರೆ ಆ ಕಡೆಯ ಸಾಮಾನಿನ ಆಕಾರವನ್ನು ಗೆರೆಗೆರೆಯಾಗಿ ಒಡೆದುಬಿಡುತ್ತದೆ. ಸಿಂಕಿನಲ್ಲಿ ಪಾತ್ರೆ ಇದ್ದರೂ ಹಾಲ್‌ನಿಂದ ಬರೀ ಬಣ್ಣದ ಮಸುಕು. ಆದರೆ ಗಾಜಿಗೆ ಹತ್ತಿರ ನಿಂತರೆ ಆಕಾರ ಗೊತ್ತಾಗುತ್ತದೆ. ಒಳಗೆ ಲೈಟ್ ಹಾಕಿದ್ದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಹಾಗಾಗಿ ಬಾತ್‌ರೂಮಿಗೆ ಇದನ್ನು ಹಾಕಿಸುವವರು ರಾತ್ರಿ ಹೊತ್ತು ಒಂದು ತುಂಡು ಹಿಡಿದು ನೋಡಿಯೇ ನಿರ್ಧಾರ ಮಾಡಿ.

ಆರ್ಡರ್ ಕೊಟ್ಟ 12ನೇ ದಿನ ಗಾಜು ಬಂತು. ಪ್ಯಾಕ್ ಬಿಚ್ಚಿದರೆ ಗೆರೆಗಳು ಅಡ್ಡಡ್ಡ! ಉದ್ದುದ್ದ ಇರಬೇಕಿತ್ತು. ಚೀಟಿಯಲ್ಲಿ "2100 × 900" ಅಂತ ಬರೆದಿತ್ತು, ಎತ್ತರ ಯಾವುದು, ಅಗಲ ಯಾವುದು, ಗೆರೆ ಯಾವ ಕಡೆ ಅಂತ ಯಾರೂ ಬರೆದಿರಲಿಲ್ಲ. ಕರಗಿದ ಗಾಜನ್ನು ಎರಡು ರೋಲರ್‌ಗಳ ನಡುವೆ ಹಾಯಿಸಿ ಇಂಥ ಗಾಜು ಮಾಡುತ್ತಾರೆ. ಒಂದು ರೋಲರ್ ಮೇಲೆ ಇರುವ ಗೆರೆ ಗಾಜಿಗೆ ಅಚ್ಚಾಗುತ್ತದೆ. ಹಾಳೆಯಿಂದ ಹೇಗೆ ಕತ್ತರಿಸುತ್ತಾರೋ ಗೆರೆ ಹಾಗೇ ಬರುತ್ತದೆ. ಕತ್ತರಿಸಿದ ಮೇಲೆ ಟಫನ್ ಮಾಡುತ್ತಾರೆ, ಅಂದರೆ ಕಾಯಿಸಿ ಒಮ್ಮೆಗೇ ತಣ್ಣಗೆ ಮಾಡುತ್ತಾರೆ. ಅದಾದ ಮೇಲೆ ಆ ಗಾಜನ್ನು ಒಂದು ಇಂಚೂ ಕತ್ತರಿಸಲು, ಒಂದು ತೂತು ಕೊರೆಯಲು ಆಗುವುದಿಲ್ಲ, ಪೂರ್ತಿ ಪುಡಿಯಾಗುತ್ತದೆ. ಹಿಡಿಕೆಯ ತೂತೂ ಮೊದಲೇ ಆಗಿರಬೇಕು. ಹೊಸದಾಗಿಯೇ ಮಾಡಿಸಬೇಕಾಯಿತು. ತಪ್ಪು ಯಾರದ್ದು ಅಂತ ಎರಡು ದಿನ ಮಾತಾಯಿತು. ಕೊನೆಗೆ ಅರ್ಧರ್ಧ ಅಂತ ಒಪ್ಪಿಕೊಂಡೆವು. ನಮ್ಮ ಪಾಲಿಗೆ 6,500 ಬಂತು. ನೀವು ಒಂದು ಹಾಳೆಯಲ್ಲಿ ಬಾಗಿಲಿನ ಚಿತ್ರ ಬರೆದು, ಗೆರೆ ಹೇಗೆ ನಿಲ್ಲಬೇಕು ಅಂತ ಬಾಣದ ಗುರುತು ಹಾಕಿ, ಅಂಗಡಿಯವರ ಸಹಿ ಹಾಕಿಸಿ, ಫೋಟೋ ತೆಗೆದಿಟ್ಟುಕೊಳ್ಳಿ.

ಕೂರಿಸುವಾಗ ನುಣುಪಾದ ಮುಖ ಅಡುಗೆಮನೆ ಕಡೆಗೆ, ಗೆರೆ ಇರುವ ಮುಖ ಹಾಲ್ ಕಡೆಗೆ ಮಾಡಿಸಿದೆ. ಒಗ್ಗರಣೆಯ ಎಣ್ಣೆ ಹಬೆ ಎಲ್ಲ ನುಣುಪಿನ ಮೇಲೆ ಕೂರುತ್ತದೆ. ಒಂದು ಬಟ್ಟೆಯಲ್ಲಿ ಒರೆಸಿದರೆ ಆಯಿತು. ಇದೇ ಕಾರಣಕ್ಕೆ ಕಿಚನ್ ಕ್ಯಾಬಿನೆಟ್ ಬಾಗಿಲುಗಳಿಗೆ ಗೆರೆ ಬೇಡವೇ ಬೇಡ ಅಂದೆ. ಎಣ್ಣೆ ಕೂತ ತಗ್ಗಿನಲ್ಲಿ ಧೂಳು ಅಂಟಿದರೆ ತೆಗೆಯುವವರು ನಾವೇ ಅಲ್ವಾ.

ಅಕ್ಟೋಬರ್ ಮೊದಲ ವಾರ ಕೊನೆಗೂ ಗೋಡೆಗೆ ಪ್ಯಾನೆಲ್ ಕೂತವು. ಎರಡು ದಿನದ ಕೆಲಸ, ಅಷ್ಟೇ. ರಾತ್ರಿ ಲೈಟ್ ಹಾಕಿದೆವು. ಮತ್ತೆ ಅದೇ ಕಥೆ, ಗೆರೆ ಕಾಣಿಸಲಿಲ್ಲ. ಸೀಲಿಂಗ್‌ನ ಲೈಟುಗಳು ಗೋಡೆಯಿಂದ ಮೂರು ಅಡಿ ದೂರ ಇದ್ದವು. ಬೆಳಕು ಎದುರಿನಿಂದಲೇ ಬೀಳುತ್ತಿತ್ತು. ಹಗಲಿನ ಬೆಳಕಿಗೆ ಅಷ್ಟು ಯೋಚನೆ ಮಾಡಿದ ನಾನು ರಾತ್ರಿಯದ್ದನ್ನು ಮರೆತಿದ್ದೆ. ಫಾಲ್ಸ್ ಸೀಲಿಂಗ್ ಕತ್ತರಿಸಿ, ಗೋಡೆಯಿಂದ ಆರು ಇಂಚಿಗೆ ಉದ್ದಕ್ಕೂ ಎಲ್‌ಇಡಿ ಪ್ರೊಫೈಲ್ (ಉದ್ದ ಪಟ್ಟಿಯಂಥ ಲೈಟ್) ಹಾಕಿಸಿದೆವು, 3000 ಕೆಲ್ವಿನ್‌ನ ಹಳದಿ ಬೆಳಕು. ಮೇಲಿನಿಂದ ಗೋಡೆ ಸವರಿ ಇಳಿಯುವ ಬೆಳಕು ಉದ್ದ ಗೆರೆಗೆ ಹಗಲಿನಷ್ಟು ನೆರಳು ಕೊಡುವುದಿಲ್ಲ, ನಿಜ. ಆದ್ದರಿಂದ ಬಾಲ್ಕನಿ ಮೂಲೆಯಲ್ಲಿ ನೆಲದಿಂದ ಮೇಲಕ್ಕೆ ಇನ್ನೊಂದು ಪಟ್ಟಿ, ಪಕ್ಕದಿಂದ ಬೆಳಕು ಬರುವ ಹಾಗೆ. ಎರಡನ್ನೂ ಹಾಕಿದಾಗ ಗೋಡೆ ಸರಿಯಾಗಿ ಕಂಡಿತು. ಸೀಲಿಂಗ್ ಮಾಡುವ ಮೊದಲೇ ಲೈಟಿನ ಜಾಗ ನಿರ್ಧಾರ ಮಾಡಿದ್ದರೆ ಕತ್ತರಿಸುವ 4,200 ಉಳಿಯುತ್ತಿತ್ತು.

ಇನ್ನು ದೇವರ ಕೋಣೆಯ ಬಾಗಿಲು. ಈ ಇಡೀ ಕೆಲಸದಲ್ಲಿ ನನಗೆ ಸಂತೋಷ ಕೊಟ್ಟ ಭಾಗ ಇದು.

ದೀಪ ಹಚ್ಚುವ ಜಾಗ, ಪ್ಲಾಸ್ಟಿಕ್ ಬೇಡ, ಮರವೇ ಇರಲಿ ಅಂತ ಮೊದಲೇ ತೀರ್ಮಾನ ಆಗಿತ್ತು. ಸಿಎನ್‌ಸಿಯಲ್ಲಿ ತೇಗ ಕೊರೆಸಲು ಬೆಲೆ ಜಾಸ್ತಿ ಹೇಳಿದರು. ಕಂಟ್ರಾಕ್ಟರ್ ಜೊತೆ ಬರುತ್ತಿದ್ದ ವಯಸ್ಸಾದ ಆಚಾರ್ರು ಒಬ್ಬರು ಬೇರೆ ದಾರಿ ಹೇಳಿದರು. "ಅರ್ಧ ಗುಂಡಿನ ತೇಗದ ಬೀಡಿಂಗ್ ಪಟ್ಟಿ ಸಿಗುತ್ತಮ್ಮ. ಪ್ಲೈವುಡ್ ಮೇಲೆ ಒತ್ತೊತ್ತಾಗಿ ಅಂಟಿಸ್ತಾ ಹೋಗೋದು. ಕೊರೆಯೋದೇ ಬೇಡ." ಎರಡು ಪಲ್ಲೆ, ಒಂದೊಂದು 300 ಮಿ.ಮೀ. ಅಗಲ. ಬೀಡಿಂಗ್ 12 ಮಿ.ಮೀ. ಒಂದು ಪಲ್ಲೆಗೆ ಸರಿಯಾಗಿ 25. ಒಂದೂ ಕತ್ತರಿಸಬೇಕಿಲ್ಲ.

ಆಚಾರ್ರು ಐವತ್ತು ಪಟ್ಟಿಯನ್ನೂ ಮೊದಲು ನೆಲದ ಮೇಲೆ ಹರಡಿದರು. ಬಣ್ಣ ನೋಡಿ ಜೋಡಿಸಿದರು, ಕಪ್ಪು ಗೆರೆ ಇರುವವು ಅಂಚಿಗೆ, ತಿಳಿ ಬಣ್ಣದವು ನಡುವೆ. ಆಮೇಲೆ ಒಂದೊಂದೇ ಎತ್ತಿ, ಅಂಟು ಹಚ್ಚಿ, ಹೆಬ್ಬೆರಳಿನಿಂದ ಮೇಲಿನಿಂದ ಕೆಳಗೆ ಒತ್ತಿಕೊಂಡು ಬರುತ್ತಿದ್ದರು. ಸಂದಿಯಲ್ಲಿ ಹೊರಗೆ ಬಂದ ಅಂಟನ್ನು ಆಗಲೇ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. "ಈಗ ಬಿಟ್ರೆ ಆಮೇಲೆ ಪಾಲಿಶ್ ಹಿಡಿಯಲ್ಲ" ಅಂದರು. ಉಜ್ಜುವುದಕ್ಕೆ ಯಂತ್ರ ಆಗುವುದಿಲ್ಲ, ಉಬ್ಬು ಸವೆದು ಸಪಾಟಾಗುತ್ತದೆ. ಮರಳು ಕಾಗದವನ್ನು ಅಂಗೈಯಲ್ಲಿ ಬಾಗಿಸಿ ಹಿಡಿದು ಉಬ್ಬನ್ನು ಉಜ್ಜಿದರು. ಸಂದಿಗೆ ಒಂದು ಪೆನ್ಸಿಲ್ಲಿಗೆ ಕಾಗದ ಸುತ್ತಿ ಮೇಲಿನಿಂದ ಕೆಳಗೆ ಎಳೆದರು. ಐವತ್ತು ಪಟ್ಟಿ, ಎರಡು ಸಲ. ನಾಲ್ಕು ದಿನ ಅದೇ ಕೆಲಸ. ನಾನು ಪಕ್ಕದಲ್ಲಿ ಕುಳಿತು ನೋಡುತ್ತಿದ್ದೆ. ಮನೆಯೆಲ್ಲ ತೇಗದ ಪುಡಿಯ ವಾಸನೆ.

ಪಾಲಿಶ್ ತೆಳ್ಳಗೆ ಹೊಡೆಸಬೇಕು. ದಪ್ಪ ಆದರೆ ಸಂದಿಯಲ್ಲಿ ಇಳಿದು ಹನಿಯಾಗಿ ನಿಲ್ಲುತ್ತದೆ. ಮೂರು ಕೈ, ನಡುವೆ ಒಂದೊಂದು ದಿನ ಬಿಡುವು. ಬಾಗಿಲಿನ ಒಳಮುಖ ಮಾತ್ರ ಸಪಾಟು ಇಡಿಸಿದ್ದೇನೆ. ದೀಪದ ಮಸಿ, ಅರಿಶಿನ, ಕುಂಕುಮ ಸಂದಿಗೆ ಹೋದರೆ ಬರುವುದಿಲ್ಲ.

ಖರ್ಚಿನ ಲೆಕ್ಕ ಹೀಗಿದೆ. ಪ್ಯಾನೆಲ್ ಒಂದಕ್ಕೆ 900ರಂತೆ 21ಕ್ಕೆ 18,900. ಹಿಂದಿನ ಪ್ಲೈವುಡ್, ಪಟ್ಟಿ, ಅಂಟು 9,600. ಗೋಡೆ ಕೆಲಸದ ಕೂಲಿ 14,000. ಲೈಟ್, ವೈರಿಂಗ್, ಸೀಲಿಂಗ್ ಕತ್ತರಿಸಿದ್ದು ಸೇರಿ 10,000. ಗಾಜಿನ ಬಾಗಿಲು ಅಲ್ಯೂಮಿನಿಯಂ ಚೌಕಟ್ಟು, ಟ್ರ್ಯಾಕ್ ಸಮೇತ 31,000, ಎರಡನೇ ಸಲದ ಗಾಜಿಗೆ 6,500. ದೇವರ ಕೋಣೆ ಬಾಗಿಲು 16,500. ಸಾಮಾನು ಹತ್ತಿಸಿದ್ದು 2,500. ಸಂಘದವರು ಕಸ ಸಾಗಿಸಿದ್ದಕ್ಕೆ ಠೇವಣಿಯಲ್ಲಿ 3,000 ಹಿಡಿದು 17,000 ವಾಪಸ್ ಕೊಟ್ಟರು. ಒಟ್ಟು 1,12,000. ಆಗಸ್ಟ್ ಕೊನೆಗೆ ಬಿಡಬೇಕಿದ್ದ ಬಾಡಿಗೆ ಮನೆಯನ್ನು ಅಕ್ಟೋಬರ್ ಕೊನೆಗೆ ಬಿಟ್ಟೆವು. ಎರಡು ತಿಂಗಳಿಗೆ 44,000 ಜಾಸ್ತಿ ಹೋಯಿತು. ಬಜೆಟ್ ಮಾಡುವಾಗ ಇದನ್ನೂ ಸೇರಿಸಿಕೊಳ್ಳಿ.

ಧೂಳಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೌದು, ಕೂರುತ್ತದೆ. ಉದ್ದುದ್ದ ಗೆರೆಯಲ್ಲಿ ಕಡಿಮೆ, ಅಡ್ಡ ಗೆರೆಯಾದರೆ ಒಂದೊಂದು ಉಬ್ಬೂ ಒಂದೊಂದು ಶೆಲ್ಫ್ ಇದ್ದ ಹಾಗೆ. ಶನಿವಾರ ಎರಡು ಇಂಚಿನ ಹೊಸ ಪೇಂಟ್ ಬ್ರಶ್ ಹಿಡಿದು ಮೇಲಿನಿಂದ ಕೆಳಗೆ ಎಳೆಯುತ್ತೇನೆ. ಇಪ್ಪತ್ತು ನಿಮಿಷದ ಕೆಲಸ. ಒಂದು ಗೋಡೆ ಆದ್ದರಿಂದ ಆಗುತ್ತದೆ. ಮನೆ ಪೂರ್ತಿ ಹಾಕಿಸಿದ್ದರೆ ನನ್ನಿಂದ ಆಗುತ್ತಿರಲಿಲ್ಲ. ಕಣ್ಣಿಗೂ ಅಷ್ಟೇ, ಒಂದು ಗೆರೆಗೋಡೆಯ ಪಕ್ಕ ಉಳಿದ ಗೋಡೆಗಳು ಸಪಾಟು ಇದ್ದರೆನೇ ಚಂದ.

ದೀಪಾವಳಿ ಕಳೆದ ಮೇಲೆ ಅಪ್ಪಯ್ಯ, ಅಮ್ಮ ಬಂದಿದ್ದರು. ಬೆಳಿಗ್ಗೆ ಕಾಫಿ ಹಿಡಿದು ಅಪ್ಪಯ್ಯ ಆ ಗೋಡೆ ಎದುರು ಬಹಳ ಹೊತ್ತು ಕುಳಿತಿದ್ದರು. ಎದ್ದು ಹೋಗಿ ಉಬ್ಬುಗಳ ಮೇಲೆ ಅಡ್ಡಕ್ಕೆ ಬೆರಳು ಓಡಿಸಿ, "ಕೊಟ್ಟಿಗೆ ತಟ್ಟಿ ನೆನಪಾಯ್ತು ನೋಡು" ಅಂದರು.

ಉಳಿದ ತುಂಡುಗಳಿಗೆ ಬ್ಯಾಚ್ ನಂಬರ್ ಬರೆದು ಮಂಚದ ಕೆಳಗೆ ಇಟ್ಟಿದ್ದೇನೆ, ಮುಂದೆ ರಿಪೇರಿಗೆ ಬೇಕಾದೀತು. ಅಂಗಡಿಯ ಆ ಹಿರಿಯರು ಕೊಟ್ಟಿದ್ದ ಒಂದಡಿ ಡಬ್ಲ್ಯೂಪಿಸಿ ತುಂಡು ಮಾತ್ರ ಈಗ ನನ್ನ ಹತ್ತಿರ ಇಲ್ಲ. ನಾಲ್ಕನೇ ಮಹಡಿಯವರು ಟಿವಿ ಗೋಡೆ ಮಾಡಿಸುತ್ತಿದ್ದಾರಂತೆ, ನಿನ್ನೆ ಕೇಳಿಕೊಂಡು ಬಂದರು. ಬೆಳಿಗ್ಗೆ ಒಂದ್ಸಲ, ಸಂಜೆ ನಾಲ್ಕಕ್ಕೆ ಒಂದ್ಸಲ ನೋಡಿ, ಗೋಡೆಯನ್ನೂ ಕೈಯಿಂದ ಮುಟ್ಟಿ ನೋಡಿ ಅಂತ ಹೇಳಿ ಕೊಟ್ಟು ಕಳಿಸಿದೆ.